ಹಾರನಹಳ್ಳಿಯ ಬೌಲರ್

ಅರಸೀಕೆರೆಗೆ ಹೊರಟಿದ್ದ ನಮ್ಮ ಬಸ್ಸು ಹಾರನಹಳ್ಳಿಯಲ್ಲಿ ಕೆಟ್ಟು ನಿಂತಿತು. ಪಕ್ಕದ ಬಯಲಲ್ಲಿ ಕ್ರಿಕೆಟ್ ಪಂದ್ಯ ನಡೆದಿತ್ತು. ಅರಸೀಕೆರೆ ತಂಡದ ಬೌಲರ್ ಒಬ್ಬ ಹಾರನಹಳ್ಳಿಯವರನ್ನು ಒಬ್ಬೊಬ್ಬರಾಗಿ ಔಟ್ ಮಾಡುತ್ತಿದ್ದ. ಪ್ರತಿ ವಿಕೆಟ್ಟಿಗೂ ಊರವರೇ ಕೆಲವರು ಚಪ್ಪಾಳೆಗೆಂದು ಕೈಯೆತ್ತಿ, ಮತ್ತೆ ಇಳಿಸುತ್ತಿದ್ದರು.

ಪಕ್ಕದಲ್ಲಿದ್ದ ಹಿರಿಯರನ್ನು ಅವನಾರೆಂದು ಕೇಳಿದೆ.

"ನಮ್ಮೂರ ಮಂಜ ಕಣ್ರೀ. ಭುಜ ನೋಯ್ತೈತೆ ಅಂದಾಗ ನಾಟಕ ಅಂತ ನಾವೇ ಟೀಮಿಂದ ತೆಗೆದ್ವಿ. ಅರಸೀಕೆರೆಯೋರು ಆಸ್ಪತ್ರೆಗೆ ತೋರ್ಸಿ ಸೇರಿಸ್ಕೊಂಡ್ರು."

ಹಾರನಹಳ್ಳಿ ಸೋತಿತು. ಮಂಜ ನಮ್ಮ ಮುಂದೆಯೇ ಹಾದು ಹೊರಟಾಗ ಹಿರಿಯರು ನೀರಿನ ಬಾಟಲಿ ಚಾಚಿದರು.

"ಭುಜ ಹೆಂಗೈತ್ಲಾ?"

"ವಾಸಿ ಆಗೈತೆ ಸಾರ್," ಎಂದವನು ನೀರು ಮುಟ್ಟದೆ ತನ್ನ ತಂಡದ ಟೆಂಪೋ ಹತ್ತಿದ.

ಟೆಂಪೋ ಮರೆಯಾಗುವವರೆಗೂ ನೋಡುತ್ತಿದ್ದ ಹಿರಿಯರು ಮೆಲ್ಲಗೆ ಹೇಳಿದರು, "ಮೊದ್ಲು ನಂಗೆ ಮಾವ ಅಂತಿದ್ದ."