ಅಣ್ಣನ ಚೂರಿಯ ಹಿಡಿ

ಮಧ್ಯಾಹ್ನದ ಊಟವಾದ ಮೇಲೆ ಜೆಪ್ಪುವಿನ ನಮ್ಮ ಓಣಿ ಅರೆನಿದ್ದೆಗೆ ಜಾರುತ್ತದೆ. ಹೊಳೆಯ ಸೇತುವೆಯ ಮೇಲೆ ರೈಲು ದಾಟುವ ಸದ್ದು ನೀರಿನ ಅಡಿಯಿಂದ ಬಂದಂತೆ ಕೇಳುತ್ತದೆ. ಅಂಥ ಹೊತ್ತಿನಲ್ಲೇ ನಾನು ಅಣ್ಣನ ಚೂರಿಯನ್ನು ಬಿಚ್ಚಿದ್ದು. ನಿದ್ದೆಗಣ್ಣಿನಲ್ಲಿ ಮಾಡಿದೆ ಎಂದರೆ ನನಗೆ ಸ್ವಲ್ಪ ಹಗುರವಾದೀತು. ಆದರೆ ಆ ದಿನ ನನ್ನ ಕೈ ಚೆನ್ನಾಗಿ ಎಚ್ಚರವಾಗಿತ್ತು.

ಇದು ಕಳೆದ ವರ್ಷದ ಮಾತು. ಅಣ್ಣ ಹರೆಯವನ್ನೆಲ್ಲ ಕಡಲಿನಲ್ಲಿ ಕಳೆದವರು. ದೋಣಿ ಬಿಟ್ಟ ಮೇಲೆ ಮೀನಿನ ಬೋಟುಗಳು ನಿಲ್ಲುವ ದಕ್ಕೆಯ ಶೆಡ್ಡಿನಲ್ಲಿ ಕೂತು ಹರಿದ ಬಲೆಗಳನ್ನು ಸರಿಮಾಡುತ್ತಾರೆ. ಬೆಳಿಗ್ಗೆ ಹೋಗಿ ಆ ರಾಶಿಯ ನಡುವೆ ಕೂತರೆ ಮಾತ್ರ ಅವರಿಗೆ ದಿನ ದಿನದ ಹಾಗೆ ಕಾಣುತ್ತದೆ. ನಾನು ಹೈಸ್ಕೂಲು ಮುಗಿಸಿ ಫಿಟ್ಟರ್ ಕೆಲಸ ಕಲಿತು ಗಲ್ಫಿಗೆ ಹೋದವನು. ಮರಳಿ ಬಂದ ಮೇಲೂ ಹಿಂದಿನ ಜಗಲಿಯಲ್ಲಿ ಅರ, ಸುತ್ತಿಗೆ, ಸಣ್ಣ ವೈಸು ಇಟ್ಟುಕೊಂಡಿದ್ದೇನೆ. ಮನೆಯವರು ಯಾರೂ ನನ್ನಿಂದ ಒಂದು ವಸ್ತು ಮಾಡಿಸಿಕೊಂಡದ್ದಿಲ್ಲ. ಈ ಬೇಸರ ನನ್ನೊಳಗೆ ಎಷ್ಟು ಹುಳಿಯಾಗಿತ್ತು ಎಂದು ನನಗೇ ತಿಳಿದಿರಲಿಲ್ಲ.

ಅಣ್ಣ ಒಂದು ಸಂಜೆ ಅಂಗಿಯ ಕಿಸೆಯಿಂದ ಮಡಚುವ ಚೂರಿಯನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಕೀಲು ಸಡಿಲ ಆಗಿದೆ ನೋಡು. ರಿವೆಟಿಗೆ ಎರಡು ಪೆಟ್ಟು ಹಾಕಿ ಕೊಡು. ಬೇರೆ ಎಂತದೂ ಮುಟ್ಬೇಡ. ನಿನ್ನ ಗಲ್ಫಿನ ಬುದ್ಧಿ ಎಲ್ಲ ತೋರಿಸ್ಲಿಕ್ಕೆ ಹೋಗ್ಬೇಡ ಮಾರಾಯ."

ನಾನು ನಕ್ಕೆ. ಒಳಗೆ ಮಾತ್ರ ಚುರುಕ್ಕೆಂದಿತು. ಎರಡು ಪೆಟ್ಟು! ಅಷ್ಟಕ್ಕೆ ನಾನು ಬೇಕೇ?

ಆ ಹಿಡಿಯನ್ನು ಅಣ್ಣನೇ ಮಾಡಿಕೊಂಡದ್ದು. ದೋಣಿ ಕಟ್ಟುವಲ್ಲಿ ಬಿದ್ದಿದ್ದ ಹೆಬ್ಬಲಸಿನ ಮರದ ತುಂಡನ್ನು ಸೀಳಿ, ಅಲಗಿನ ಎರಡು ಬದಿಗೂ ಕೂರಿಸಿ, ಹಿತ್ತಾಳೆಯ ಕಡ್ಡಿ ಹೊಡೆದಿದ್ದರು. ಮಳೆಗಾಲಕ್ಕೆ ಮೊದಲು ದೋಣಿಗಳನ್ನು ಮೇಲಕ್ಕೆಳೆದು ಮೀನೆಣ್ಣೆ ಬಳಿಯುತ್ತಾರಲ್ಲ, ಆಗ ಬಟ್ಟೆಯಲ್ಲಿ ಉಳಿದದ್ದನ್ನು ಅಣ್ಣ ಚೂರಿಯ ಹಿಡಿಗೂ ಉಜ್ಜುತ್ತಿದ್ದರು. ವರ್ಷ ವರ್ಷವೂ ಬೂತಾಯಿ ಮೀನಿನ ಎಣ್ಣೆ ಕುಡಿದು ಮರ ಕಪ್ಪಾಗಿತ್ತು. ಒಂದು ಬದಿಯಲ್ಲಿ ಹೆಬ್ಬೆರಳು ಕೂರುವಲ್ಲಿ ಗುಳಿ, ಕೆಳಗೆ ಬೆರಳುಗಳು ಸುತ್ತುವಲ್ಲಿ ಸವೆತ. ನನ್ನ ಕಣ್ಣಿಗೆ ಅದು ಕೊಳಕಾಗಿ, ವಕ್ರವಾಗಿ ಕಂಡಿತು. ಮೂಗಿಗೆ ಕೆಟ್ಟ ವಾಸನೆ.

ಪೆಟ್ಟು ಹಾಕಲಿಲ್ಲ. ರಿವೆಟುಗಳ ತಲೆಯನ್ನು ಅರದಿಂದ ಸವೆಸಿ, ಕಡ್ಡಿಗಳನ್ನು ಹೊರಗೆ ತಳ್ಳಿದೆ. ಹಳೆಯ ಹಿಡಿಯ ಎರಡು ಹೋಳುಗಳೂ ಗಟ್ಟಿಯಾಗಿ, ಬಿರುಕಿಲ್ಲದೆ ಕಳಚಿಕೊಂಡವು. ನನ್ನಲ್ಲಿ ಬೀಟೆ ಮರದ ಒಂದು ಚಂದದ ತುಂಡಿತ್ತು. ಅದನ್ನು ಕೊಯ್ದು, ಎರಡು ಬದಿಯೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದಂತೆ ಅರ ಹಾಕಿ, ಸ್ಯಾಂಡ್‌ಪೇಪರಿನಲ್ಲಿ ತಿಕ್ಕಿದೆ. ಹುಡಿ ಬಿಸಿಲಿನಲ್ಲಿ ನೇರಳೆ ಬಣ್ಣದ ಹೊಗೆಯ ಹಾಗೆ ತೇಲುತ್ತಿತ್ತು. ನಾನು ಎಲ್ಲಿದ್ದೇನೆಂಬುದೇ ಮರೆತುಹೋಗುವಂಥ ಮಧ್ಯಾಹ್ನಗಳು ಅವು. ಕೊನೆಗೆ ಅಲಗಿಗೆ ಕೂರಿಸಿ ವಾರ್ನಿಶ್ ಹೊಡೆದೆ. ಹಿಡಿಯಲ್ಲಿ ಕಿಟಕಿ ಕಾಣುವಷ್ಟು ಹೊಳಪು ಬಂತು.

ಹಳೆಯ ಹೋಳುಗಳನ್ನು ಬಚ್ಚಲೊಲೆಗೆ ಹಾಕಿದೆ. ಎಣ್ಣೆ ಕುಡಿದ ಮರವಲ್ಲವೇ, ಭಗ್ಗೆಂದು ಹತ್ತಿಕೊಂಡಿತು. ಸ್ವಲ್ಪ ಹೊತ್ತು ಬಚ್ಚಲಿನಲ್ಲಿ ಕಡಲೇ ಬಂದು ನಿಂತ ಹಾಗೆ ವಾಸನೆ. ನಾನು ಬಾಗಿಲು ಎಳೆದುಕೊಂಡೆ.

ಚೂರಿಯನ್ನು ಕೈಗೆ ಕೊಟ್ಟಾಗ ಅಣ್ಣ ಅದನ್ನು ನೋಡಲಿಲ್ಲ, ಮುಟ್ಟಿದರು. ಹೆಬ್ಬೆರಳು ಹಿಡಿಯ ಮೇಲೆ ಅತ್ತಿತ್ತ ಹರಿದಾಡಿತು.

"ಎಂತ ಇದು, ಮದುಮಗನನ್ನು ಹೊರಡಿಸಿದ ಹಾಗೆ ಮಾಡಿದ್ದೀಯಲ್ಲ! ಹಳೇ ಹಿಡಿ ಎಲ್ಲಿ?"

"ಅದು ಕುಂಬಾಗಿತ್ತು ಅಣ್ಣ. ಬಿಚ್ಚುವಾಗಲೇ ಹುಡಿಹುಡಿ ಆಯ್ತು."

"ಹೌದಾ?" ಎಂದರು. ಹೆಬ್ಬೆರಳು ಇನ್ನೂ ಹುಡುಕುತ್ತಿತ್ತು. "ಚಂದ ಉಂಟು" ಎಂದು ಕಿಸೆಗೆ ಹಾಕಿಕೊಂಡರು.

ನಾನು ಹಿಗ್ಗಿದೆ. ಸುಳ್ಳು ಹೇಳಿದ್ದು ನೆನಪಿತ್ತು, ಆದರೆ ಆ ಹೊಳಪಿನ ಮುಂದೆ ಅದು ಯಾವ ದೊಡ್ಡ ವಿಷಯ ಅನ್ನಿಸಿತು.

ಆಮೇಲೆ ಒಂದು ದಿನ ಅತ್ತಿಗೆ ನಮ್ಮ ಗೇಟಿನಲ್ಲಿ ನಿಂತರು. ಅಣ್ಣನ ಮನೆ ಓಣಿಯ ಆ ತುದಿಗೇ ಇದೆ. "ನಿಮ್ಮ ಅಣ್ಣ ದಕ್ಕೆಗೆ ಹೋಗುವುದನ್ನು ಬಿಟ್ಟಿದ್ದಾರೆ. ಕೇಳಿದ್ರೆ ಕಾಲು ನೋವಂತೆ. ಕಾಲು ನೋವಾದವರು ಕೈಬೆರಳಿಗೆ ಬಟ್ಟೆ ಸುತ್ತಿಕೊಳ್ತಾರಾ? ನೀವೇ ಬಂದು ಕೇಳಿ."

ಹೋದೆ. ಅಣ್ಣ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ತೆಂಗಿನ ಗರಿಗಳ ನೆರಳು ಅವರ ಬಿಳಿ ಗಡ್ಡದ ಮೇಲೆ ನಿಧಾನವಾಗಿ ಓಲಾಡುತ್ತಿತ್ತು. ಎಡಗೈಯ ಎರಡು ಬೆರಳಿಗೆ ಬಟ್ಟೆ.

"ಜಾರ್ತದೆ ಮಾರಾಯ ನಿನ್ನ ಮದುಮಗ" ಎಂದರು. "ಒದ್ದೆ ಕೈಯಲ್ಲಿ ಹಿಡಿದ್ರೆ ಅಲಗಿನ ಬಾಯಿ ಯಾವ ಕಡೆ, ಬೆನ್ನು ಯಾವ ಕಡೆ ಗೊತ್ತಾಗುವುದಿಲ್ಲ. ಮೊನ್ನೆ ಸರಿ ಇದ್ದ ಬಲೆಯನ್ನೇ ಕೊಯ್ದು ಬಿಟ್ಟೆ. ಶೆಡ್ಡಿನವ ಹೇಳಿದ, ನೀವಿನ್ನು ರೆಸ್ಟ್ ಮಾಡಿ ಅಂತ."

"ನೋಡಿ ಹಿಡಿದರೆ ಆಗುದಿಲ್ವಾ?"

ಅವರು ದನಿ ತಗ್ಗಿಸಿದರು. "ನೋಡ್ಲಿಕ್ಕೆ ಕಾಣ್ಬೇಕಲ್ಲ. ಬಲಗಣ್ಣು ಪೂರಾ ಹೋಗಿದೆ. ಎಡದ್ದರಲ್ಲಿ ಮಂಜು. ಡಾಕ್ಟ್ರು ಹೇಳಿ ಆಗಿದೆ, ಹೋದದ್ದು ಬರುವುದಿಲ್ಲ ಅಂತ. ಶೆಡ್ಡಲ್ಲಿ ಯಾರಿಗೂ ಗೊತ್ತಿಲ್ಲ. ನಿನ್ನ ಅತ್ತಿಗೆಗೂ ಹೇಳ್ಬೇಡ."

"ಅತ್ತಿಗೆಗೆ ಯಾವಾಗಲೋ ಗೊತ್ತುಂಟು" ಎಂಬ ದನಿ ಒಳಗಿನಿಂದ ಬಂತು. "ಚಾ ಆಗಿದೆ."

ಆ ಹಿಡಿಯ ಗುಳಿಗೆ ಹೆಬ್ಬೆರಳು ಕೂತರೆ ಅಲಗಿನ ಬಾಯಿ ಎತ್ತ ಇದೆಯೆಂದು ಅಣ್ಣನಿಗೆ ತಿಳಿಯುತ್ತಿತ್ತು. ಅಷ್ಟರಿಂದಲೇ ಅವರು ಶೆಡ್ಡಿನಲ್ಲಿ ತಮ್ಮ ಜಾಗವನ್ನು ಉಳಿಸಿಕೊಂಡಿದ್ದರು. ನಾನು ಮಾಡಿಕೊಟ್ಟ ಹಿಡಿಯೋ ಎರಡು ಬದಿಯೂ ಒಂದೇ ಹಾಗೆ. ಅದನ್ನೇ ನನ್ನ ಜಾಣತನವೆಂದುಕೊಂಡಿದ್ದೆ. ಚಾ ತಣ್ಣಗಾಯಿತು. ನೆರಳು ಗಡ್ಡದಿಂದ ಭುಜಕ್ಕೆ ಇಳಿಯಿತು. ಆಗ ಹೇಳಿದೆ.

"ಅಣ್ಣ, ಹಳೇ ಹಿಡಿ ಕುಂಬಾಗಿರಲಿಲ್ಲ. ಗಟ್ಟಿ ಇತ್ತು. ನಾನೇ ಒಲೆಗೆ ಹಾಕಿದ್ದು. ನಿಮ್ಮ ಕಿಸೆಯಲ್ಲಿ ನನ್ನ ಕೈಕೆಲಸ ಇರ್ಬೇಕು ಅಂತ ಆಸೆ ಆಯ್ತು."

ಅಣ್ಣ ಹೊಳೆಯ ಕಡೆ ಮುಖ ತಿರುಗಿಸಿದರು. ಏನು ಕಾಣುತ್ತಿತ್ತೋ ಅವರಿಗೆ, ಬರೀ ಬೆಳಕು ಇರಬೇಕು.

"ಚೆನ್ನಾಗಿ ಉರಿದಿರ್ಬೇಕು" ಎಂದರು.

"ಉರಿಯಿತು."

"ಬೂದಿಯನ್ನು ಹಲ್ಲುಜ್ಜಲಿಕ್ಕಾದರೂ ಇಟ್ಟುಕೊಂಡಿಯಾ?"

ಅವರು ಕ್ಷಮಿಸಿದೆ ಎನ್ನಲಿಲ್ಲ, ಇಂದಿನವರೆಗೂ ಅಂದಿಲ್ಲ. ಚೂರಿಯನ್ನು ತೆಗೆದು ನನ್ನ ಕಡೆ ಚಾಚಿದರು. "ನನ್ನ ಕೈ ಇಲ್ಲೇ ಉಂಟು. ಅದಕ್ಕೆ ಸರಿ ಮಾಡು. ಈ ಸಲ ನಾನು ಎದುರು ಕೂತಿರ್ತೇನೆ."

ಮರುದಿನದಿಂದ ಮಧ್ಯಾಹ್ನಗಳು ನಮ್ಮಿಬ್ಬರವಾದವು. ಮೊದಲು ಗಾಜಿನ ಚೂರಿನಿಂದ ವಾರ್ನಿಶ್ ಹೆರೆದೆ. ವರ್ಕ್‌ಶಾಪಿನಲ್ಲಿ ಬೇರಿಂಗ್ ಕೂರಿಸುವಾಗ ಒಂದಕ್ಕೆ ನೀಲಿ ಬಣ್ಣ ಹಚ್ಚಿ ಇನ್ನೊಂದಕ್ಕೆ ತಾಗಿಸುತ್ತಿದ್ದೆವು. ಬಣ್ಣ ಹತ್ತಿದ ಜಾಗವನ್ನಷ್ಟೇ ಕೆರೆಯಬೇಕು, ಪುನಃ ತಾಗಿಸಬೇಕು. ಅದೇ ದಾರಿ ಹಿಡಿದೆ. ಅತ್ತಿಗೆ ಕಾವಲಿಯ ಅಡಿಯ ಮಸಿ ಕೊಟ್ಟರು. ಅದನ್ನು ಅಣ್ಣನ ಅಂಗೈಗೆ, ಬೆರಳುಗಳಿಗೆ ಸವರಿದೆ. ಎಷ್ಟೋ ವರ್ಷಗಳ ನಂತರ ಅವರ ಕೈಯನ್ನು ನಾನು ಹಿಡಿದದ್ದು. ಹಗ್ಗದ ಗಾಯಗಳು, ಗಂಟುಗಳು, ಅಂಗೈಯ ನಡುವೆ ಆಶ್ಚರ್ಯವಾಗುವಷ್ಟು ಮೆದುವಾದ ಒಂದು ಜಾಗ. ಅವರು ಕಣ್ಣು ಮುಚ್ಚಿ ಬಲೆ ಕೊಯ್ಯುವ ಹಾಗೆಯೇ ಚೂರಿ ಹಿಡಿಯುವರು. ಮರದ ಮೇಲೆ ಮಸಿ ದಟ್ಟವಾಗಿ ಕೂತಲ್ಲಿ ನಾನು ಅರ ಹಾಕುವೆ. ಮತ್ತೆ ಮಸಿ, ಮತ್ತೆ ಹಿಡಿತ.

"ಇನ್ನೂ ಸ್ವಲ್ಪ. ಹೆಬ್ಬೆರಳಿಗೆ ಗೋಡೆ ತಾಗ್ತದೆ."

"ಸಾಕಾ?"

"ಅವಸರ ಎಂತಕ್ಕೆ? ಹಳೇದನ್ನು ನಾನು ಒಂದು ಆಯುಷ್ಯ ಹಿಡಿದು ಸವೆಸಿದ್ದು."

ಕೆಲವೊಮ್ಮೆ ಹಿಡಿದ ಹಾಗೆಯೇ ಅಣ್ಣ ತೂಕಡಿಸುತ್ತಿದ್ದರು. ನಾನು ಎಬ್ಬಿಸುತ್ತಿರಲಿಲ್ಲ. ನನಗೂ ಕಣ್ಣೆಳೆಯುತ್ತಿತ್ತು. ಗಾಳಿ, ರೈಲು, ಮರದ ಹುಡಿ ಎಲ್ಲ ಒಂದಾಗಿ, ನಾವಿಬ್ಬರೂ ಯಾವುದೋ ದೋಣಿಯಲ್ಲಿ ಕೂತು ದಡ ಬಿಟ್ಟ ಹಾಗೆ.

ಮಸಿ ಎಲ್ಲ ಕಡೆ ಒಂದೇ ಸಮನೆ ತೆಳುವಾಗಿ ಹತ್ತಿದ ದಿನ ಅಣ್ಣ ಹಳೆಯ ಬಲೆಯೊಂದನ್ನು ಮಡಿಲಿಗೆ ಎಳೆದುಕೊಂಡರು. ಚೂರಿಯನ್ನು ಕೆಳಗಿಟ್ಟು, ತಡವಿ ಎತ್ತಿಕೊಂಡು, ಒಂದೊಂದೇ ಗಂಟು ಕೊಯ್ದರು. ಒಮ್ಮೆ ಹಿಡಿತ ತಪ್ಪಿತು. ಕೂಡಲೇ ತಿರುಗಿಸಿಕೊಂಡರು.

ದಕ್ಕೆಗೆ ನಾನೂ ಜೊತೆಗೆ ಹೋದೆ. ಕಣ್ಣಿನ ವಿಷಯವನ್ನು ಇನ್ನು ಮುಚ್ಚಿಡುವುದಿಲ್ಲವೆಂದು ಹೊರಡುವ ಮೊದಲೇ ಅಣ್ಣ ನಿಶ್ಚಯ ಮಾಡಿದ್ದರು. ಶೆಡ್ಡಿನವನ ಎದುರು ನಿಂತು, "ಕಣ್ಣು ಇಲ್ಲ, ಕೈ ಉಂಟು. ನೋಡಿ ಹೇಳು" ಎಂದರು. ಹೊರಗೆ ಬೋಟುಗಳು ಬೆಳ್ಳನೆಯ ಬಿಸಿಲಿನಲ್ಲಿ ಒಂದಕ್ಕೊಂದು ಮೈ ತಾಗಿಸಿ ಓಲಾಡುತ್ತಿದ್ದವು. ಅಣ್ಣ ಕೂತು ಕೈಗೆ ಸಿಕ್ಕ ಬಲೆಯ ಹರಕನ್ನು ತಡವುತ್ತಾ, ಕೆಟ್ಟ ನೂಲನ್ನು ಕೊಯ್ದು ಬಿಡಿಸತೊಡಗಿದರು. ಶೆಡ್ಡಿನವ ಸೊಂಟಕ್ಕೆ ಕೈಯಿಟ್ಟು ನೋಡಿದ. ಆಮೇಲೆ ಮೂಲೆಯಿಂದ ಇನ್ನೊಂದು ಹರಿದ ಬಲೆಯನ್ನು ಎಳೆದು ತಂದು ಅಣ್ಣನ ಪಕ್ಕದಲ್ಲಿ ಹಾಕಿ ಹೋದ.

ಅಣ್ಣ ತಲೆಯೆತ್ತದೆ ನನಗೆ ಹೇಳಿದರು: "ನೀನಿನ್ನು ಮನೆಗೆ ಹೋಗು. ಇಲ್ಲಿ ಕೂತು ನನ್ನ ಕೈ ನೋಡ್ಬೇಡ."