ಹಬ್ಬ ಯಾವತ್ತು? ಫೋನ್ ಮಾಡಿ

ಅಮೆರಿಕದ ವಾಷಿಂಗ್ಟನ್ ಪಕ್ಕದ ಸ್ಟರ್ಲಿಂಗ್‌ನಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸೀರೆಯ ಮೇಲೆ ಗಂಡನ ದಪ್ಪ ಕೋಟು ತೊಟ್ಟ ಹೆಂಗಸೊಬ್ಬರು ಮನೆಯ ಮುಂದೆ ನಿಂತು ಕಾರಿನ ಗಾಜಿಗೆ ಅಂಟಿದ ಮಂಜುಗಡ್ಡೆಯನ್ನು ಕೆರೆಯುತ್ತಿದ್ದಾರೆ. ಕೆರೆಯುವುದರ ಜೊತೆಗೆ ಬಯ್ಯುತ್ತಲೂ ಇದ್ದಾರೆ. "ಹಾಳಾದ್ದು! ಮೈಸೂರಲ್ಲಿ ಈ ಹೊತ್ತಿಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡ್ತಿದ್ದೆ. ಇಲ್ಲಿ ನೋಡಿ, ದಿನಾ ಬೆಳಗಾದ್ರೆ ಐಸ್ ಕೆರೆಯೋ ಭಾಗ್ಯ." ಹಿಂದಿನ ಸೀಟಿನ ತುಂಬ ಹುರಿ ಬಿಗಿದ ಪತ್ರಿಕೆಯ ಕಟ್ಟುಗಳು. ಮುಂದಿನ ಸೀಟಿನಲ್ಲಿ ಮಡಿಕೆ ಹರಿದ ರಸ್ತೆ ನಕ್ಷೆ, ಚಿತ್ರಾನ್ನದ ಡಬ್ಬಿ, ಕಾಫಿ ತುಂಬಿದ ಫ್ಲಾಸ್ಕು.

ಇವರು ವರಲಕ್ಷ್ಮಿ. ವಾಷಿಂಗ್ಟನ್ ಸುತ್ತಮುತ್ತ, ಅಟ್ಲಾಂಟಾ ಮತ್ತು ಕ್ಯಾರೊಲೈನಾಗಳಲ್ಲಿರುವ ಭಾರತೀಯರಿಗಾಗಿ ಇಂಗ್ಲಿಷಿನಲ್ಲಿ ಹೊರಡುವ ವಾರಪತ್ರಿಕೆಯೊಂದಕ್ಕೆ ಜಾಹೀರಾತು ಹಿಡಿದು ತರುವುದು ಇವರ ಕೆಲಸ. ಇಂಡಿಯನ್ ಅಂಗಡಿಯ ಬಾಗಿಲಲ್ಲಿ ಪುಕ್ಕಟೆ ಸಿಗುತ್ತದಲ್ಲ, ಮನೆಗೆ ಒಯ್ದು ಓದಿ ಆಮೇಲೆ ಕರಿಬೇವು ಸುತ್ತಿಡುತ್ತಾರಲ್ಲ, ಅದೇ ಪತ್ರಿಕೆ. ಸುದ್ದಿ ಬರೆದವರ ಹೆಸರು ಅದರಲ್ಲಿ ಅಚ್ಚಾಗುತ್ತದೆ. ಸಂಪಾದಕ ವೇಣುಗೋಪಾಲ ಅವರ ಫೋಟೊ ವಾರವಾರವೂ ಎರಡನೇ ಪುಟದಲ್ಲಿ ನಗುತ್ತದೆ. ಅರ್ಧಕ್ಕಿಂತ ಹೆಚ್ಚು ಜಾಗ ತುಂಬಿಸಿಕೊಡುವ ಈಕೆಯ ಹೆಸರು ಮಾತ್ರ ಎಲ್ಲೂ ಇಲ್ಲ.

"ಜಾಹೀರಾತಿಗೆ ಯಾರು ಹೆಸರು ಹಾಕ್ತಾರೆ ಹೇಳಿ? ಹಾಗೇನಾದ್ರೂ ಹಾಕಿದ್ರೆ ಅವರ ಪೇಪರ್ ತುಂಬ ನಾನೇ ಇರ್ತೀನಿ," ಎಂದು ನಗುತ್ತಾರೆ. ಆದರೆ ಇವತ್ತು ಆ ನಗೆ ಬಹಳ ಹೊತ್ತು ನಿಲ್ಲುವುದಿಲ್ಲ. ವರ್ಷದಿಂದ ಕಾಲಿಡದ ಒಂದು ಅಂಗಡಿಗೆ ಇವತ್ತು ಹೋಗಬೇಕು. ಅನ್ವರ್ ಪಾಷಾ ಅವರ ದಿನಸಿ ಮತ್ತು ಮಾಂಸದ ಅಂಗಡಿ ಅದು. ಅಲ್ಲಿ ಕೆಟ್ಟುಹೋದ ಸ್ನೇಹವೊಂದನ್ನು ಸರಿಮಾಡಿಕೊಳ್ಳಬೇಕು.

ಜಾಹೀರಾತಿನ ಗೀಳು ಅವರಿಗೆ ಅಮೆರಿಕದಲ್ಲಿ ಹತ್ತಿದ್ದಲ್ಲ. ಮದುವೆಗೆ ಮುಂಚೆಯೂ ಆಮೇಲೂ ಮೈಸೂರಿನ ಸಂಜೆ ಪತ್ರಿಕೆಯೊಂದರ ಕಚೇರಿಯಲ್ಲಿ, ಚಿಕ್ಕ ಗಡಿಯಾರ ಗೋಪುರದ ಹತ್ತಿರ, ಜಾಹೀರಾತು ತೆಗೆದುಕೊಳ್ಳುವ ಕೌಂಟರಿನಲ್ಲಿ ಕೂತಿದ್ದವರು. ಊರಿಗೆ ಊರೇ ಆ ಕಿಟಕಿಯ ಮುಂದೆ ಬಂದು ನಿಲ್ಲುತ್ತಿತ್ತಂತೆ. ಮಗಳಿಗೆ ಗಂಡು ಹುಡುಕುವವರು, ಹಿಂಬದಿಯ ಮನೆ ಬಾಡಿಗೆಗೆ ಕೊಡುವವರು, ತಂದೆಯ ತಿಥಿಯ ದಿನ ಫೋಟೊ ಹಾಕಿಸುವವರು, ಕಳೆದುಹೋದ ಎಮ್ಮೆಯನ್ನು ಹುಡುಕುವವರು. "ಮಲ್ಲಿಗೆ ಮಾರೋಳು ಹೊತ್ತಾದ ಮೇಲೆ ಉಳಿದ ಮೊಳ ನನ್ನ ಕಿಟಕೀಲಿ ಇಟ್ಟು ಹೋಗೋಳು. ಆ ಕೌಂಟರ್ ಈಗ್ಲೂ ಕನಸಲ್ಲಿ ಬರುತ್ತೆ ಕಣ್ರೀ. ಯಾರೋ ಬಂದು ನಿಂತಿರ್ತಾರೆ, ನನ್ನ ಹತ್ರ ಪೆನ್ನೇ ಇರಲ್ಲ!" ಎನ್ನುವಾಗ ಕಣ್ಣು ತುಂಬುತ್ತದೆ. ಮರೆಸಿಕೊಳ್ಳುವ ಗೋಜಿಗೂ ಅವರು ಹೋಗುವುದಿಲ್ಲ.

ಗಂಡ ತ್ಯಾಗರಾಜ ಅವರಿಗೆ ಇಲ್ಲಿನ ಪಂಪು ತಯಾರಿಸುವ ಕಂಪನಿಯಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿ ಬಂದದ್ದು ತೊಂಬತ್ತರಲ್ಲಿ. ಕೆಲಸ ಮಾಡುವ ಪರವಾನಗಿ ಕೈಗೆ ಬರುವವರೆಗೆ ವರಲಕ್ಷ್ಮಿ ಮನೆಯಲ್ಲೇ ಕೂತು ಗೋಡೆ ನೋಡಿದರು. ಬಂದ ಮೇಲೆ ಮೊದಲು ಕಲಿತದ್ದು ಕಾರು. "ಇವರು ಪಕ್ಕದಲ್ಲಿ ಕೂತು ರಾಮ ರಾಮ ಅಂತಿದ್ರು. ನನಗೆ ಬ್ರೇಕಿಗಿಂತ ಅವರ ರಾಮನಾಮದ್ದೇ ಗಾಬರಿ," ಎನ್ನುತ್ತಾರೆ.

ಮೈಸೂರಿನಲ್ಲಿ ಜಾಹೀರಾತು ತಾನಾಗಿ ಕೌಂಟರಿಗೆ ನಡೆದು ಬರುತ್ತಿತ್ತು. ಇಲ್ಲಿ ಅದರ ಹಿಂದೆ ಕಾಲಿಗೆ ಚಕ್ರ ಕಟ್ಟಿಕೊಂಡು ಓಡಬೇಕು. ಗಿರಾಕಿಗಳು ಬರುವ ಮೊದಲು ಹೋದರೆ ಮಾತ್ರ ಅಂಗಡಿಯವರು ಮಾತಿಗೆ ಸಿಗುತ್ತಾರೆ. ಸಿಕ್ಕರೂ ನೂರೆಂಟು ನೆಪ. ಅಟ್ಲಾಂಟಾ ಪಕ್ಕದ ಡಿಕೇಟರ್‌ನ ಒಂದು ಸೀರೆ ಅಂಗಡಿಯ ಜಾಹೀರಾತು ಇರುವ ಪುಟದಲ್ಲಿ ಇನ್ನೊಂದು ಸೀರೆ ಅಂಗಡಿಯದ್ದು ಇರಕೂಡದು. ಒಡವೆ ಅಂಗಡಿಯವರಿಗೆ ಪುಟ ತಿರುಗಿಸಿದರೆ ಬಲಗಡೆಯೇ ಬೇಕು. ಷಾರ್ಲೆಟ್‌ನ ದೋಸೆ ಹೋಟೆಲಿನ ಶಿವಶರಣಪ್ಪನವರದು ಬೇರೆಯೇ ಭಯ. "ಪೇಪರ್‌ನಾಗ ಹಾಕಿದ್ರ ಮಂದಿ ಬಂದುಬಿಡ್ತಾರ್ರೀ ಅಕ್ಕಾರ! ದೋಸಿ ಹಾಕಾಂವ ನಾ ಒಬ್ಬಾಂವ," ಎಂದು ಕೈ ಮುಗಿದು, ಎರಡು ದೋಸೆ ಕಟ್ಟಿಕೊಟ್ಟು ಕಳಿಸುತ್ತಾರೆ.

ದಕ್ಷಿಣಕ್ಕೆ ಹೊರಟರೆ ಮೂರು ನಾಲ್ಕು ದಿನ ಮನೆಯ ಮುಖ ಕಾಣುವಂತಿಲ್ಲ. ಹೆದ್ದಾರಿಯ ಪಕ್ಕದ ಬೆಂಚಿನ ಮೇಲೆ ಊಟ, ಪೆಟ್ರೋಲ್ ಬಂಕಿನ ಫೋನಿನಿಂದ ಮಗಳು ಚೈತನ್ಯಾ ಜೊತೆ ಮಾತು. "ಅಮ್ಮಾ, ವೆನ್ ಆರ್ ಯು ಕಮಿಂಗ್?" ಎನ್ನುತ್ತಾಳೆ ಅವಳು. "ಜಾಹೀರಾತು ಸಿಕ್ಕಿದ ತಕ್ಷಣ ಪುಟ್ಟಾ" ಎನ್ನುವುದು ಇವರ ಮಾಮೂಲಿ ಉತ್ತರ. ಹೋದ ವರ್ಷದವರೆಗೆ, ಹಾಗೆ ಹೊರಡುವ ಪ್ರತಿ ಸಲವೂ ಮೊದಲ ನಿಲುಗಡೆ ಪಾಷಾ ಅಂಗಡಿಯಾಗಿತ್ತು. ಅವರಿಗೆ ಮೊಟ್ಟಮೊದಲ ಜಾಹೀರಾತು ಕೊಟ್ಟವರೇ ಪಾಷಾ. ಮೈಸೂರಿನ ಮಂಡಿ ಮೊಹಲ್ಲಾದವರು. ವರಲಕ್ಷ್ಮಿ ಅಕ್ಕಿ ಮೂಟೆಯ ಮೇಲೆ ಕೂತರೆಂದರೆ ಪಾಷಾ ಅವರ ಹೆಂಡತಿ ಫಿರೋಜಾ ಚಹಾ ತರುತ್ತಿದ್ದರು. ದೇವರಾಜ ಮಾರುಕಟ್ಟೆಯ ಯಾವ ಸಾಲಿನಲ್ಲಿ ಬಾಳೆಹಣ್ಣು, ಯಾವ ಸಾಲಿನಲ್ಲಿ ಊದಿನಕಡ್ಡಿ ಎಂದು ಮೂವರೂ ಜಗಳಕ್ಕೆ ಬೀಳುತ್ತಿದ್ದರು. ಆಗೆಲ್ಲ ಪಾಷಾ ವರಲಕ್ಷ್ಮಿಯನ್ನು ಕರೆಯುತ್ತಿದ್ದದ್ದು 'ತಂಗ್ಯಮ್ಮ' ಎಂದು.

ಕಳೆದ ವರ್ಷದ ರಂಜಾನ್ ಅದಕ್ಕೆಲ್ಲ ಕಲ್ಲು ಹಾಕಿತು. ಹಬ್ಬದ ಹಿಂದಿನ ದಿನ ರಾತ್ರಿಯವರೆಗೂ ಅಂಗಡಿ ತೆರೆದಿರುತ್ತದೆ, ಮಾಂಸ, ಶ್ಯಾವಿಗೆ ಎಲ್ಲ ಸಿಗುತ್ತದೆ ಎಂದು ಹಾಕಿ ಅಂತ ಪಾಷಾ ಫೋನಿನಲ್ಲಿ ಹೇಳಿದ್ದರು. ಅಷ್ಟೇ ಹಾಕಿದ್ದರೆ ಮುಗಿದಿತ್ತು. ಆದರೆ ತೇದಿಯಿಲ್ಲದ ಜಾಹೀರಾತು ತೆಗೆದುಕೊಳ್ಳಬಾರದೆಂಬ ಮೈಸೂರು ಕೌಂಟರಿನ ಪಾಠ ವರಲಕ್ಷ್ಮಿಯ ರಕ್ತದಲ್ಲಿದೆ. ಅಡುಗೆಮನೆಯಲ್ಲಿ ತೂಗುಹಾಕಿದ್ದ, ಊರಿನಿಂದ ತರಿಸಿದ್ದ ಕ್ಯಾಲೆಂಡರ್ ನೋಡಿದರು. ಶುಕ್ರವಾರಕ್ಕೆ ಕೆಂಪು ಅಕ್ಷರದಲ್ಲಿ ರಂಜಾನ್ ಎಂದಿತ್ತು. ಗುರುವಾರ ರಾತ್ರಿಯವರೆಗೆ ಅಂಗಡಿ ತೆರೆದಿರುತ್ತದೆ, ಶುಕ್ರವಾರ ಹಬ್ಬ ಎಂದು ತಾವೇ ಸೇರಿಸಿ ಕಳಿಸಿಬಿಟ್ಟರು. ಊರಿನ ಕ್ಯಾಲೆಂಡರ್ ಎಂದರೆ ಇಲ್ಲಿ ಬಂದವರಿಗೆ ದೇವರ ಪಟವಿದ್ದ ಹಾಗೆ. ಅದನ್ನು ಯಾರು ತಾನೇ ಅನುಮಾನಿಸುತ್ತಾರೆ?

ಚಂದ್ರನಿಗೆ ಆ ಕ್ಯಾಲೆಂಡರಿನ ಹಂಗಿರಲಿಲ್ಲ. ಇಲ್ಲಿ ಬುಧವಾರ ಸಂಜೆಯೇ ಕಂಡುಬಿಟ್ಟ. ಗುರುವಾರ ಬೆಳಿಗ್ಗೆ ಪಾಷಾ ಅಂಗಡಿಗೆ ಬೀಗ ಹಾಕಿ ನಮಾಜಿಗೆ ಹೋದರು. ಪತ್ರಿಕೆಯನ್ನು ನಂಬಿದ ದೂರದೂರದ ಮನೆಯವರು ಹಬ್ಬ ಇನ್ನೂ ನಾಳೆ ಎಂದುಕೊಂಡು, ಸಾಮಾನು ಕೊಳ್ಳಲು ಹಬ್ಬದ ದಿನವೇ ಮಕ್ಕಳನ್ನು ಕರೆದುಕೊಂಡು ಬಂದು ಮುಚ್ಚಿದ ಬಾಗಿಲು ನೋಡಿದರು. ಮಸೀದಿಯ ಮುಂದೆ, ಹತ್ತು ಜನರ ಎದುರಿಗೆ, ಹಿರಿಯರೊಬ್ಬರು ಪಾಷಾ ಅವರನ್ನು ಕೇಳಿದರಂತೆ: "ಚಂದ್ರನ್ನ ನೀನು ಪೇಪರ್‌ನಲ್ಲಿ ಹುಟ್ಟಿಸ್ತೀಯೇನಯ್ಯಾ?" ಮಾನಸ್ಥ ಮನುಷ್ಯ ತಲೆ ತಗ್ಗಿಸಿ ನಿಂತರು. ವರಲಕ್ಷ್ಮಿ ಓಡಿಹೋಗಿ ಕ್ಷಮೆ ಕೇಳಿದಾಗ, "ಆಯ್ತು ಬಿಡಿ ಮೇಡಂ," ಎಂದರು. ಅಷ್ಟೇ. "ಬೈದಿದ್ರೆ ಸಹಿಸ್ಕೋತಿದ್ದೆ ಕಣ್ರೀ. ಆ 'ಮೇಡಂ' ಅಂದ್ರಲ್ಲ, ಎದೆಗೆ ಒದ್ದ ಹಾಗಾಯ್ತು."

ಈಗ ಮತ್ತೆ ರಂಜಾನ್ ತಿಂಗಳು, ಹಬ್ಬಕ್ಕೆ ಒಂದು ವಾರವಿದೆ. ಕಾರು ಪಾಷಾ ಅಂಗಡಿಯ ಮುಂದೆ ನಿಲ್ಲುತ್ತದೆ. ಉಪವಾಸದವರ ಮುಂದೆ ಬೇಡವೆಂದು ಫ್ಲಾಸ್ಕನ್ನು ಸೀಟಿನ ಕೆಳಗೆ ತಳ್ಳಿ ಇಳಿಯುತ್ತಾರೆ. ಪಾಷಾ ಲಾರಿಯಿಂದ ಈರುಳ್ಳಿ ಚೀಲ ಇಳಿಸಿಕೊಳ್ಳುತ್ತಿದ್ದಾರೆ.

"ಏನು ಮೇಡಂ, ಇಷ್ಟು ಹೊತ್ತಿಗೆ?"

"ಜಾಹೀರಾತು ಕೇಳೋಕೆ ಬಂದಿದೀನಿ ಪಾಷಾ ಭಾಯ್. ಸುಮ್ನೆ ಈ ಕಡೆ ಬಂದಿದ್ದೆ ಅಂತ ಸುಳ್ಳು ಹೇಳಲ್ಲ."

"ಹೋದ ವರ್ಷದ್ದೇ ಇನ್ನೂ ಅರಗಿಲ್ಲ," ಎಂದು ಅವರು ಚೀಲಕ್ಕೆ ಕೈ ಹಾಕುತ್ತಾರೆ.

ವರಲಕ್ಷ್ಮಿ ಕೋಟಿನ ಜೇಬಿನಿಂದ ಹಾಳೆಯೊಂದನ್ನು ತೆಗೆದು ಚೀಲದ ಮೇಲೆಯೇ ಹರಡುತ್ತಾರೆ. ತಾವೇ ಬರೆದ ಜಾಹೀರಾತು. ಮೇಲೆ ಒಂದು ಗೆರೆಯಷ್ಟು ಚಂದ್ರ. ಕೆಳಗೆ, ಹಬ್ಬ ಯಾವತ್ತು, ಚಂದ್ರ ಕಾಣುವ ಸಂಜೆ ನಮಗೆ ಫೋನ್ ಮಾಡಿ ಎಂಬ ಇಂಗ್ಲಿಷ್ ಸಾಲು. ಅದರಡಿ ಅಂಗಡಿಯ ನಂಬರು. ತೇದಿ ಮಾತ್ರ ಎಲ್ಲೂ ಇಲ್ಲ. ಜೀವಮಾನದಲ್ಲಿ ಅವರು ತೇದಿಯಿಲ್ಲದೆ ಬರೆದ ಮೊದಲ ಜಾಹೀರಾತು ಇದು.

ಪಾಷಾ ಹಾಳೆಯನ್ನು ಕೈಗೆತ್ತಿಕೊಂಡು ಓದುತ್ತಾರೆ. "ಫೋನು ಯಾರು ಎತ್ತೋದು? ನಾನು ಮಸೀದೀಲಿರ್ತೀನಿ. ಫಿರೋಜಾ ಗಿರಾಕಿ ನೋಡ್ಬೇಕು."

"ನಾನು ಎತ್ತೀನಿ."

"ನೀವಾ?"

"ಹೂಂ, ನಾನೇ. ತಪ್ಪು ದಿನ ಹೇಳಿದ್ದೂ ನಾನೇ. ಸರಿ ದಿನಾನೂ ನಾನೇ ಹೇಳ್ಬೇಕು."

ಒಳಗಿನಿಂದ ಫಿರೋಜಾ ದನಿ ಬರುತ್ತದೆ. "ಹೂಂ ಅಂದ್ಬಿಡ್ರೀ! ಹಬ್ಬದ ತಿಂಗಳಲ್ಲೂ ಎಷ್ಟು ದಿನ ಮುಖ ಗಂಟು ಹಾಕ್ಕೊಂಡಿರ್ತೀರಿ?" ಪಾಷಾ ಹಾಳೆಯನ್ನು ಮಡಚಿ ಕೈಗಿಡುತ್ತಾ, "ಹಾಕಿ ಮೇಡಂ, ನೋಡೋಣ," ಎನ್ನುತ್ತಾರೆ. ಜಾಹೀರಾತು ಸಿಕ್ಕಿತು. 'ಮೇಡಂ' ಹೋಗಲಿಲ್ಲ. ಕಾರಿಗೆ ಬಂದ ವರಲಕ್ಷ್ಮಿ ಸೀಟಿನ ಕೆಳಗಿನ ಫ್ಲಾಸ್ಕು ತೆಗೆದು ಕಾಫಿ ಬಗ್ಗಿಸಿಕೊಳ್ಳುತ್ತಾರೆ.

ಸೋಮವಾರ ಸಂಜೆ. ಇವತ್ತು ಚಂದ್ರ ಕಂಡರೂ ಕಾಣಬಹುದು. ವರಲಕ್ಷ್ಮಿ ಅದೇ ಅಕ್ಕಿ ಮೂಟೆಯ ಮೇಲೆ, ಫೋನಿನ ಪಕ್ಕ ಕೂತಿದ್ದಾರೆ. ಹಣೆಯಲ್ಲಿ ಎಂದಿನ ಕುಂಕುಮ, ಎದುರಿಗೆ ಫಿರೋಜಾ ಇಟ್ಟು ಹೋದ ಖರ್ಜೂರದ ತಟ್ಟೆ. ಫೋನು ಆಗಲೇ ಬಿಡುವಿಲ್ಲದೆ ಬಡಿದುಕೊಳ್ಳುತ್ತಿದೆ. "ಇನ್ನೂ ಸುದ್ದಿ ಬಂದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮಾಡಿ," ಎಂದು ಕನ್ನಡ, ಇಂಗ್ಲಿಷು, ಹರಕುಮುರುಕು ಹಿಂದಿಯಲ್ಲಿ ಹೇಳುತ್ತಿದ್ದಾರೆ. ನಡುವೆ ಬಿಡುವು ಸಿಕ್ಕಾಗ, ನಿಮಗೇನಾದರೂ ಆಸೆಯಿದೆಯೇ ಎಂಬ ನಮ್ಮ ಪ್ರಶ್ನೆಗೆ, "ದಕ್ಷಿಣಕ್ಕೆ ಹೋಗೋವಾಗ ಇಲ್ಲಿ ಕೂತು ಒಂದು ಲೋಟ ಚಹಾ ಕುಡಿಯೋ ಹಾಗಾಗ್ಲಿ. ಸಾಕು," ಎನ್ನುತ್ತಾರೆ.

ಅಷ್ಟರಲ್ಲಿ ಬಾಗಿಲು ತೆರೆದುಕೊಳ್ಳುತ್ತದೆ. ಮಸೀದಿಯಿಂದ ಓಡೋಡಿ ಬಂದ ಪಾಷಾ ಏದುಸಿರು ಬಿಡುತ್ತಾ ನಿಂತಿದ್ದಾರೆ. ಟೋಪಿ ಒಂದು ಪಕ್ಕಕ್ಕೆ ಸರಿದಿದೆ.

"ಕಂಡಿತು, ತಂಗ್ಯಮ್ಮ! ಹೇಳಿಬಿಡಿ ಎಲ್ಲರಿಗೂ!"

ಫೋನು ಹೊಡೆದುಕೊಳ್ಳುತ್ತಲೇ ಇದೆ. ವರಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡು ಎತ್ತುತ್ತಾರೆ. ಆ ಕಡೆ ಬೆಂಗಳೂರಿನವರೊಬ್ಬರ ಕನ್ನಡ. ಹೌದು, ಕಂಡಿದೆ, ಅಂಗಡಿ ತೆರೆದಿದೆ, ಬನ್ನಿ ಎಂದು ಇವರು ಹೇಳುತ್ತಾರೆ. ಮಾತಾಡ್ತಿರೋರು ಯಾರು, ನಂಬಬಹುದಾ ಎಂದು ಆ ದನಿ ಕೇಳುತ್ತದೆ. ಹೋದ ವರ್ಷ ಮೋಸಹೋದವರಿರಬೇಕು, ಪಾಪ.

"ನಾನು ಪಾಷಾ ಅವರ ತಂಗಿ. ಹೆಸರು ವರಲಕ್ಷ್ಮಿ."

"ಪಾಷಾ ಅವರ ತಂಗಿ ವರಲಕ್ಷ್ಮೀನಾ?" ಎನ್ನುತ್ತದೆ ಆ ದನಿ.

"ಹೂಂ ರೀ, ಸರಿಯಾಗೇ ಕೇಳಿಸ್ಕೊಂಡ್ರಿ," ಎಂದು ವರಲಕ್ಷ್ಮಿ ಗಟ್ಟಿಯಾಗಿ ನಗುತ್ತಾರೆ. "ನಾಳೆಯೇ ಹಬ್ಬ."