ಹಡಗು ಹತ್ತಿದ ನರಿ

ಬರೆದವರ ಫೋಟೊ ಗೋಡೆಯ ಮೇಲೆ. ದುಡ್ಡು ಕೊಟ್ಟವರ ಹೆಸರು ಬಾಗಿಲ ಪಕ್ಕದ ಕಲ್ಲಿನ ಮೇಲೆ. ಹರಿದ ಪುಸ್ತಕ ಹೊಲಿಯುವವಳು ಮಾತ್ರ ಮೆಟ್ಟಿಲ ಕೆಳಗೆ. ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಯಾರ ಜಾಗ ಎಲ್ಲಿ ಅನ್ನುವುದು ಹೀಗೆ ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವರ್ಯಾರೂ ತಮ್ಮ ಜನ್ಮದಲ್ಲಿ ಒಂದು ಪುಸ್ತಕ ಪೂರ್ತಿ ಓದಿದ್ದನ್ನು ನಾನಂತೂ ಕಂಡಿಲ್ಲ.

ಅವಳನ್ನು ಎಲ್ಲರೂ ಅಂಟಕ್ಕ ಅನ್ನುತ್ತಾರೆ. ಬೆರಳ ಸಂದಿಯಲ್ಲಿ ಸದಾ ಒಣಗಿದ ಅಂಟು. ಅಕ್ಕನ ಕೈ ಹಿಡಿದರೆ ಬಿಡಿಸಿಕೊಳ್ಳೋಕೆ ಅರ್ಧ ದಿನ ಬೇಕು ಅಂತ ಮಕ್ಕಳ ತಮಾಷೆ. ಗಂಡ ಬೈಂಡರ್ ಆಗಿದ್ದ. ಅವನು ಹೋದ ಮೇಲೆ ಅವನ ಸೂಜಿ, ಅವನ ಕೋಣೆ, ಅವನ ಕೆಮ್ಮು ಮೂರೂ ಇವಳ ಪಾಲಿಗೆ ಬಂದವು. ಕೋಣೆಯ ಒಂದು ಕಡೆ ನೆಟ್ಟಗೆ ನಿಲ್ಲಬಹುದು, ಇನ್ನೊಂದು ಕಡೆ ತಲೆ ತಗ್ಗಿಸಲೇಬೇಕು. "ನಮಗೆ ಅಭ್ಯಾಸ ತಪ್ಪದಿರಲಿ ಅಂತ ಹೀಗೆ ಕಟ್ಟಿಸಿರ್ಬೇಕು ಬಿಡಿ," ಅನ್ನುತ್ತಾಳೆ.

ಕೆಲಸ ಮಾಡುವಾಗ ಪುಸ್ತಕದ ಜೊತೆ ಮಾತಾಡುತ್ತಾಳೆ. "ಬಾರಮ್ಮಾ, ಯಾವ ಪಾಪಿ ನಿನ್ನ ಬೆನ್ನು ಮುರಿದ?" ಹಳೆ ದಾರ ಕತ್ತರಿಸಿ, ಹಾಳೆಗಳನ್ನು ಕಂತೆ ಕಂತೆಯಾಗಿ ಬಿಡಿಸಿ, ಮೂಲೆಯ ಪುಟಸಂಖ್ಯೆ ನೋಡಿ ಒಂದರ ಮೇಲೊಂದು ಜೋಡಿಸಿ, ಮೇಣ ಸವರಿದ ದಾರದಲ್ಲಿ ಹೊಲಿದು, ಬೆನ್ನಿಗೆ ಅಂಟು ಬಳಿದು ಬಟ್ಟೆಯ ಪಟ್ಟಿ ಹಚ್ಚುತ್ತಾಳೆ. ಓದುವುದಿಲ್ಲ. ಓದಲು ಬರುತ್ತದೆ, ಆದರೂ ಓದುವುದಿಲ್ಲ. ಅದು ಗಂಡ ಹಾಕಿಕೊಟ್ಟ ಕಟ್ಟುಪಾಡು: ಬೈಂಡರ್ ಕಣ್ಣು ಪುಟದ ಮೂಲೆ ಬಿಟ್ಟು ಒಳಗೆ ಇಳಿಯಿತೋ, ಆವತ್ತಿನ ಕೆಲಸ ಕೆಟ್ಟಿತು.

ಬೇಸಿಗೆ ರಜೆ ಬಂತೆಂದರೆ ಮಕ್ಕಳೆಲ್ಲ ಲೈಬ್ರರಿಗೆ ನುಗ್ಗುತ್ತಾರೆ. ಹೊರಗೆ ಟಾರು ಕರಗಿ ಚಪ್ಪಲಿ ಹಿಡಿಯುವ ಬಿಸಿಲು, ಒಳಗೆ ತಣ್ಣನೆಯ ನೆಲ. ಬೋರಲು ಮಲಗಿ, ಕಾಲು ಮೇಲೆತ್ತಿ ಆಡಿಸುತ್ತ ಓದುವುದೇ ಓದು. ರಜೆಯ ಕೊನೆಗೆ ಬೇಸಿಗೆ ಹಬ್ಬ. ಓದಿದ ಕಥೆಗಳಲ್ಲಿ ಎಲ್ಲರಿಗೂ ಹಿಡಿಸಿದ ಒಂದನ್ನು ಮಕ್ಕಳೇ ನಾಟಕ ಆಡುತ್ತಾರೆ. ಇದನ್ನೆಲ್ಲ ಶುರುಮಾಡಿದ್ದು ಲೈಬ್ರರಿಯ ಮೇಡಂ. ಮಾತು ಕಡಿಮೆ, ಹಟ ಜಾಸ್ತಿ.

ಈ ಸಲ ಹಬ್ಬಕ್ಕೆ ಮೊದಲೇ ಸಮಿತಿಯ ಅಧ್ಯಕ್ಷರು ಮೆಟ್ಟಿಲ ಕೆಳಗೆ ಇಣುಕಿದರು. "ಹರಿದಿದ್ದನ್ನ ಹೊಲಿಯೋ ಕಾಲ ಹೋಯ್ತಮ್ಮ. ಎಸೆಯೋದು, ಹೊಸದು ತರೋದು. ಇಲ್ಲಿ ಕುರ್ಚಿ ಜೋಡಿಸಿಡಬಹುದು. ಹಬ್ಬ ಮುಗೀಲಿ, ನಿನ್ನ ಕೆಲಸ ನೋಡಿ ಹೇಳ್ತೀನಿ."

ಹೊಸ ಪುಸ್ತಕ ಒಂದೂ ಬರಲಿಲ್ಲ. ಅಧ್ಯಕ್ಷರ ಮುಖವಿದ್ದ ಬ್ಯಾನರ್ ಬಂತು, ಬಾಗಿಲಿಗಿಂತ ಅಗಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು! ಅಂಟಕ್ಕನಿಗೆ ಮಾತಿನ ಒಳಮಾತು ಅರ್ಥವಾಗಿತ್ತು. ಒಂದು ತಪ್ಪು ಸಿಕ್ಕರೆ ಸಾಕು, ಕೋಣೆ ಹೋಯಿತು. ಕೋಣೆ ಹೋದರೆ ಅನ್ನವೂ ಹೋಯಿತು.

ಕೆಲವು ದಿನ ಕಳೆದು ಗೋಡೆಯಾಚೆ ನಾಟಕದ ತಾಲೀಮು ನಡೆದಿತ್ತು. ಕುಂಟ ನರಿಯ ಕಥೆ. ಗುಂಪು ಬಿಟ್ಟುಹೋದ ನರಿಯಣ್ಣ ಕುಂಟುತ್ತ ಹಳ್ಳದ ದಂಡೆಗೆ ಬರುತ್ತಾನೆ. ಆಮೇಲೆ ಹಡಗು ಹತ್ತುತ್ತಾನೆ, ಬಿರುಗಾಳಿಯಲ್ಲಿ ಚುಕ್ಕಾಣಿ ಹಿಡಿಯುತ್ತಾನೆ, ಕೊನೆಗೆ ಬಾಗಿಲಲ್ಲಿ ಕಾಯುತ್ತ ಕೂತ ಅಮ್ಮನ ಹತ್ತಿರ ಬರುತ್ತಾನೆ.

ಅಂಟಕ್ಕ ನಗುತ್ತ ಹೊರಗೆ ಬಂದಳು. "ಏನ್ರೋ, ನರಿ ಹಡಗು ಹತ್ತಿದ್ದು ಯಾರಪ್ಪ ಕಂಡೋರು?"

"ಪುಸ್ತಕದಲ್ಲೇ ಇದೆ ಅಕ್ಕ! ಅದಕ್ಕೇ ಇದು ಎಲ್ಲಕ್ಕಿಂತ ಸೂಪರ್," ಅಂದಳು ಬಾಲ ಕಟ್ಟಿಕೊಂಡು ನಿಂತ ನರಿ.

ಪುಸ್ತಕ ಇಸಿದುಕೊಂಡು ನೋಡಿದಳು. ಹದಿನಾರನೇ ಪುಟದಲ್ಲಿ ಹಳ್ಳದ ದಂಡೆ, ಹದಿನೇಳನೇ ಪುಟದಲ್ಲಿ ಹಡಗಿನ ಏಣಿ. ನಡುವೆ ತನ್ನದೇ ದಾರ, ತನ್ನದೇ ಗಂಟು. ಹಿಂದಿನ ಮಳೆಗಾಲದಲ್ಲಿ ಒಂದೇ ಅಳತೆಯ, ಒಂದೇ ಅಚ್ಚಿನ ಎರಡು ಪುಸ್ತಕಗಳನ್ನು ಒಟ್ಟಿಗೆ ಬಿಚ್ಚಿ ಹರಡಿಕೊಂಡಿದ್ದಳು: ಒಂದು ನರಿಯದು, ಇನ್ನೊಂದು ಹಡಗಿಗೆ ಸೇರಿಕೊಂಡ ಹುಡುಗನದು. ಹೊಲಿಯುವಾಗ ಪುಟಸಂಖ್ಯೆ ಸರಿಯಾಗಿಯೇ ಇತ್ತು. ಕಥೆಗಳ ಕೊನೆ ಮಾತ್ರ ಅದಲುಬದಲಾಗಿತ್ತು. ಎರಡರಲ್ಲೂ ಅರ್ಧದಿಂದಾಚೆ ಬರೀ 'ಅವನು' ಅಂತಲೇ ಇದ್ದದ್ದರಿಂದ ಓದಿದ ಮಕ್ಕಳಿಗೂ ಗೊತ್ತಾಗಿರಲಿಲ್ಲ.

ಮೇಡಂ ಹತ್ತಿರ ಹೋಗಿ ಹೇಳಿಕೊಂಡಳು. ಮೇಡಂ ಬಾಗಿಲು ಮುಚ್ಚಿ, "ಹಬ್ಬ ಮುಗಿಯೋವರೆಗೂ ತುಟಿ ಬಿಚ್ಚಬೇಡಿ. ಅವರಿಗೆ ಬೇಕಾಗಿರೋದು ಇಂಥದ್ದೇ ನೆಪ," ಅಂದರು.

"ಅದಿರ್ಲಿ ಮೇಡಂ. ಇನ್ನೊಂದು ಪುಸ್ತಕ ಯಾರ ಹತ್ರ ಇದೆ?"

ಲಾರಿ ಡ್ರೈವರ್ ಮಗಳ ಹತ್ತಿರ ಇತ್ತು. ದೂರ ದೂರಕ್ಕೆ ಸರಕು ಸಾಗಿಸುವ ಅಪ್ಪ, ಮನೆ ಬಿಟ್ಟರೆ ತಿಂಗಳುಗಟ್ಟಲೆ. ರಜೆ ಶುರುವಾದಾಗ ದಿನವೂ ಬರುತ್ತಿದ್ದ ಹುಡುಗಿ ಆ ಪುಸ್ತಕ ಒಯ್ದ ಮೇಲೆ ಲೈಬ್ರರಿ ಕಡೆ ತಲೆ ಹಾಕಿರಲಿಲ್ಲ.

ಅಂಟಕ್ಕ ಸಂಜೆ ಅವಳ ಮನೆ ಹುಡುಕಿಕೊಂಡು ಹೋದಳು. ಹುಡುಗಿ ಹೊಸ್ತಿಲ ಮೇಲೆ ಕೂತಿದ್ದಳು.

"ನಾನು ಹರಿದಿಲ್ಲ ಅಕ್ಕ. ಹಾಗೇ ಇದೆ."

"ಹರಿದ್ರೆ ನನಗೇ ಕೆಲಸ ಕಣೇ, ಬೈಯ್ತೀನಾ? ಯಾಕೆ ಬರ್ತಿಲ್ಲ?"

ಹುಡುಗಿ ರಸ್ತೆ ಕಡೆ ನೋಡಿದಳು. "ಅದರಲ್ಲಿ ಹುಡುಗ ಅಮ್ಮನಿಗೆ ಬರ್ತೀನಿ ಅಂತ ಹೇಳಿ ಹೋಗ್ತಾನೆ. ಆಮೇಲೆ ಹಳ್ಳದಲ್ಲಿ ಬಿದ್ದು ಸತ್ತೋಗ್ತಾನೆ. ಯಾರೂ ಹುಡುಕ್ಕೊಂಡು ಬರಲ್ಲ." ಕಾಲ್ಬೆರಳಿಂದ ಮಣ್ಣು ಕೆದಕುತ್ತ, "ಅಪ್ಪನೂ ಬರ್ತೀನಿ ಅಂತಾನೇ ಹೇಳಿ ಹೋಗಿದ್ದು," ಅಂದಳು.

"ಅಯ್ಯೋ ನನ್ನ ಕಂದ! ಸತ್ತಿದ್ದು ನರಿ. ಆ ಹುಡುಗ ಅಲ್ಲ. ನಾನೇ ತಪ್ಪು ಹೊಲಿದೆ. ಅವನು ಮನೆಗೆ ಬಂದೇ ಬರ್ತಾನೆ."

"ನೀವು ನನ್ನ ಸಮಾಧಾನಕ್ಕೆ ಹೇಳ್ತಿದ್ದೀರ. ಅಮ್ಮನೂ ಹೀಗೇ ಏನೇನೋ ಹೇಳ್ತಾಳೆ." ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿ. "ನಿಜ ಆಗಿದ್ರೆ ಎಲ್ಲರ ಮುಂದೆ ಹೇಳಿ ನೋಡೋಣ."

ಅಂಟಕ್ಕ ಬೆರಳಿನ ಅಂಟು ಕೆರೆಯುತ್ತ ಪಕ್ಕದಲ್ಲಿ ಕೂತಳು. ಎಲ್ಲರ ಮುಂದೆ ಹೇಳಿದರೆ ಏನಾಗುತ್ತದೆ ಅಂತ ಮಗುವಿಗೆ ಬಿಡಿಸಿ ಹೇಳಬಹುದಿತ್ತು. ಹೇಳಲಿಲ್ಲ. "ಹಬ್ಬಕ್ಕೆ ಬಾ. ಪುಸ್ತಕ ತಗೊಂಡು ಬಾ," ಅಂದು ಎದ್ದಳು.

ಹಬ್ಬದ ದಿನ ಕಿಟಕಿಗಳಿಗೆಲ್ಲ ಬಣ್ಣದ ಕಾಗದದ ತೋರಣ. ನರಿ ಹಡಗು ಹತ್ತಿತು, ಬಿರುಗಾಳಿಗೆ ಸಿಕ್ಕಿತು, ಬಾಲ ಕಳಚಿ ಬಿದ್ದರೂ ಬಿಡದೆ ಕೈಯಲ್ಲಿ ಹಿಡಿದುಕೊಂಡೇ ಮನೆ ಸೇರಿತು. ಚಪ್ಪಾಳೆಯೋ ಚಪ್ಪಾಳೆ. ಅಧ್ಯಕ್ಷರು ಮೈಕು ಹಿಡಿದರು.

"ನಾನು ಚಿಕ್ಕವನಿದ್ದಾಗ ಇದೇ ಪುಸ್ತಕ ಓದಿದ್ದೆ. ನರಿ ಹಡಗು ಹತ್ತೋ ಜಾಗದಲ್ಲಿ ಗಳಗಳ ಅತ್ತುಬಿಟ್ಟಿದ್ದೆ. ಇವತ್ತಿಗೂ ಮರೆತಿಲ್ಲ."

ಹಿಂದಿನ ಸಾಲಿನಲ್ಲಿ ಪುಸ್ತಕ ಅವುಚಿಕೊಂಡಿದ್ದ ಹುಡುಗಿ ಅಂಟಕ್ಕನ ಮುಖ ನೋಡಿದಳು. ಅಂಟಕ್ಕ ಎದ್ದಳು.

"ಸಾರ್, ಒಂದ್ನಿಮಿಷ. ಆ ಕಥೆ ಹುಟ್ಟಿದ್ದು ಹೋದ ಮಳೆಗಾಲದಲ್ಲಿ. ನನ್ನ ತಪ್ಪಿಂದ."

ಅವಳ ದನಿಯಲ್ಲಿ ಅಣಕ ಇರಲಿಲ್ಲ. ಎರಡೂ ಪುಸ್ತಕ ಮೇಜಿನ ಮೇಲಿಟ್ಟು, ತಾನೇ ಹಾಕಿದ ಹೊಲಿಗೆಯನ್ನು ಎಲ್ಲರೆದುರು ಕತ್ತರಿಸಿದಳು. ಅರ್ಧವನ್ನು ಇತ್ತ, ಅರ್ಧವನ್ನು ಅತ್ತ ಸರಿಸಿ, ಬಿಡಿ ಹಾಳೆಗಳನ್ನು ಹುಡುಗಿಯ ಕೈಗಿಟ್ಟಳು. "ಕೊನೇ ಪುಟ ಓದು."

ಹುಡುಗಿ ಮೊದಲು ಮನಸ್ಸಿನಲ್ಲೇ ಓದಿಕೊಂಡಳು. ಆಮೇಲೆ ಜೋರಾಗಿ ಓದಿದಳು. ಹಡಗು ದಡ ಸೇರಿತು, ಅವನು ಮೂಟೆ ಹೊತ್ತು ಬೀದಿ ತಿರುಗಿದ, ಬಾಗಿಲಲ್ಲಿ ಅಮ್ಮ. ಆ ಸಾಲನ್ನು ಯಾರೂ ಕೇಳದೆಯೇ ಇನ್ನೊಂದು ಸಲ ಓದಿದಳು.

ಅಷ್ಟರಲ್ಲಿ ನರಿಯ ಪಾತ್ರದವಳು ಗೋಳೋ ಅಂದಳು. "ಹಂಗಾದ್ರೆ ನಾನು ಸತ್ತೋದ್ನಾ?"

"ಅವರು ಬರೆದ ನರಿ ಸತ್ತಿದೆ ಕಣೇ. ನೀವು ಆಡಿದ ನರಿ ಮನೆಗೆ ಬಂದಿದೆ. ಬರ್ಕೊಂಡು ಬನ್ನಿ, ಚೆನ್ನಾಗಿ ಹೊಲಿದು ಕೊಡ್ತೀನಿ."

"ಯಾವ ಕೋಣೇಲಿ ಹೊಲೀತೀಯಮ್ಮ?" ಅಂದರು ಅಧ್ಯಕ್ಷರು. ಮೈಕು ಇನ್ನೂ ಕೈಯಲ್ಲೇ ಇತ್ತು. ಎಲ್ಲರಿಗೂ ಕೇಳಿಸಿತು.

ಹೇಳಿದಂತೆಯೇ ಮಾಡಿದರು. ಸುಳ್ಳು ಹೇಳಿದವರ ಕುರ್ಚಿ ಅಲ್ಲಾಡಲಿಲ್ಲ. ನಿಜ ಹೇಳಿದವಳ ಕೋಣೆಗೆ ಕುರ್ಚಿಗಳು ಬಂದು ಕೂತವು. ಹಬ್ಬದಲ್ಲಿ ಕುಳಿತು ಚಪ್ಪಾಳೆ ತಟ್ಟಿದ ದೊಡ್ಡವರಲ್ಲಿ ಒಬ್ಬರಾದರೂ ಇದು ಅನ್ಯಾಯ ಅಂತ ಬಾಯಿ ಬಿಟ್ಟರೇ? ಮನೆಗೆ ಹೋಗಿ ಊಟ ಮಾಡಿ ಮಲಗಿದರು.

ಮೇಡಂ ಒಬ್ಬರೇ ಸಮಿತಿಗೆ ಹೋಗಿ ನಿಂತರು. "ಕೋಣೆ ನಿಮ್ಮದು, ಇಟ್ಕೊಳ್ಳಿ. ಮಕ್ಕಳ ವಿಭಾಗ ನನ್ನದು. ಅಲ್ಲಿ ನನಗೊಬ್ಬರು ಬೇಕು. ಇಲ್ಲದಿದ್ರೆ ಮುಂದಿನ ಬೇಸಿಗೆ ಹಬ್ಬ ನೀವೇ ಮಾಡಿಸಿ." ಅಧ್ಯಕ್ಷರಿಗೆ ಬ್ಯಾನರ್ ಬೇಕು, ಬ್ಯಾನರ್‌ಗೆ ಹಬ್ಬ ಬೇಕು. ಗೊಣಗುತ್ತ ಒಪ್ಪಿದರು.

ಈಗ ಅಂಟಕ್ಕನ ಮೇಜು ಮಕ್ಕಳ ಕೋಣೆಯ ಕಿಟಕಿಯ ಕೆಳಗಿದೆ. ಕೆಲಸ ನಿಧಾನ, ಯಾಕೆಂದರೆ ಪುಟಸಂಖ್ಯೆಯೊಂದನ್ನೇ ನಂಬಿ ಅವಳು ಹೊಲಿಯುವುದಿಲ್ಲ. ಒಂದು ಕಂತೆಯ ಕೊನೆಯ ಸಾಲು, ಮುಂದಿನ ಕಂತೆಯ ಮೊದಲ ಸಾಲು, ಎರಡನ್ನೂ ಯಾರಾದರೊಂದು ಮಗು ಗಟ್ಟಿಯಾಗಿ ಓದಿ ಒಪ್ಪಬೇಕು. ಡ್ರೈವರ್ ಮಗಳು ಇದ್ದರೆ ಬೇರೆಯವರಿಗೆ ಸರದಿ ಸಿಗುವುದಿಲ್ಲ. ಅಪ್ಪ ಇನ್ನೂ ಬಂದಿಲ್ಲ. ಫೋನ್ ಮಾಡಿದ್ದಾನಂತೆ, ದಾರಿಯಲ್ಲಿದ್ದಾನಂತೆ.

ಮೊನ್ನೆ ನಾನು ಹೋದಾಗ ಅಂಟಕ್ಕ ಸೂಜಿ ಎತ್ತಿ ಹಿಡಿದು ಕಾಯುತ್ತಿದ್ದಳು. ಹುಡುಗಿ ಎರಡು ಸಾಲು ಓದಿದಳು, ಹುಬ್ಬು ಗಂಟಿಕ್ಕಿ ಯೋಚಿಸಿದಳು, ಮತ್ತೊಮ್ಮೆ ಓದಿದಳು.

"ಸೇರುತ್ತೆ ಅಕ್ಕ," ಅಂದಳು. "ಹೊಲೀರಿ."